ಗಾಡಿ ಲೇಟ್ ಐತಿ

ಗುಲ್ನಾಜ ತಂದೆಯ ಅಂಗಿಯ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಇಸ್ಮಾಯಿಲಸಾಬ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ಹೊಸ್ತಿಲು ದಾಟಲು ಜಗ್ಗುತ್ತಿದ್ದ.

“ಬಿಡವಾ. ಸೀಟಿ ಕೇಳಲಿಲ್ಲೇನು? ಎಂಜಿನ್ ತಯಾರ ಆಗೇತಿ.”

“ಅಬ್ಬಾ, ಇವತ್ತ ಎಲ್ಲೂ ಹೋಗೂದು ಬ್ಯಾಡ. ಒಳಗ ಬರ್ರಿ.”

“ಉಸ್ತಾದ್ರು ಕಾಯಾಕತ್ತಿರ್ತಾರ. ಬೆಂಕಿ ಆರಿ ಹೋದ್ರ ಯಾರು ಜವಾಬ್ದಾರಿ?”

ಗದಗ ಸ್ಟೇಷನ್ನಿನ ಕಡೆಯಿಂದ ಸೀಟಿ ಮತ್ತೆ ಕೂಗಿತು. ಬೆಟಗೇರಿಯ ಆ ಓಣಿ ಇಂಥ ಸೀಟಿ ಕೇಳಿ ಮೂವತ್ತು ವರ್ಷದ ಮೇಲಾಗಿತ್ತು. ರೈಲ್ವೆಯವರು ಹಳೆಯ ಎಂಜಿನ್ನುಗಳ ಉತ್ಸವ ಇಟ್ಟಿದ್ದರು. ಎಲ್ಲಿಂದಲೋ ಒಂದು ಉಗಿ ಎಂಜಿನ್ ತರಿಸಿ, ಅದಕ್ಕೆ ಚೆಂಡುಹೂವಿನ ಮಾಲೆ ಕಟ್ಟಿ, ಹುಲಕೋಟಿಯವರೆಗೆ ಓಡಿಸುವವರಿದ್ದರು. ಪಕ್ಕದ ಹಳಿಯಲ್ಲಿ ಮೊದಲ ಕಾಲದ ಡೀಸೆಲ್ ಎಂಜಿನ್ನೊಂದನ್ನು ಬಣ್ಣ ಬಳಿದು ನಿಲ್ಲಿಸಿದ್ದರು. ಊರಿಗೆ ಊರೇ ಅತ್ತ ಹೊರಟಿತ್ತು.

ಒಳಗಿನ ಕೋಣೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಹೆಂಗಸರು ಗುಲ್ನಾಜಳ ತಾಯಿ ಹಾಜಿರಾಬಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನೀರು ಸುರಿಯುವ ಸದ್ದು ಹೊಸ್ತಿಲವರೆಗೆ ಬರುತ್ತಿತ್ತು.

ಗುಲ್ನಾಜ ತಾಯಿಯ ಹಾಗೆ ಮಾತಾಡಲು ನೋಡಿದಳು. ಅಪ್ಪನಿಗೆ ಮರೆವು ಹತ್ತಿದ ಮೇಲೆ, ಡ್ಯೂಟಿಗೆ ಹೊರಡುತ್ತೇನೆಂದು ಏಳುವ ಅವನನ್ನು ಅಮ್ಮ ದಿನವೂ ಏನೋ ಒಂದು ಹೇಳಿ ಕೂರಿಸುತ್ತಿದ್ದಳೆಂಬುದು ಅವಳಿಗೆ ಗೊತ್ತಿತ್ತು. ಆದರೆ ಗುಲ್ನಾಜ ಇರುವುದು ಲಕ್ಷ್ಮೇಶ್ವರದ ಗಂಡನ ಮನೆಯಲ್ಲಿ. ಅಮ್ಮ ಏನು ಹೇಳುತ್ತಿದ್ದಳೆಂದು ಕೇಳಿಟ್ಟುಕೊಂಡಿರಲಿಲ್ಲ.

“ಇವತ್ತ ರಜಾ ಐತ್ರಿ ಅಬ್ಬಾ.”

“ರೈಲ್ವೆಗೆ ಎಲ್ಲಿ ರಜಾ?” ಅವನು ಅಂಗಿ ಕೊಸರಿಕೊಂಡ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ದ್ಯಾಮಪ್ಪ ಕಾಣಿಸಿದ. ಎಂಬತ್ತು ದಾಟಿದವನು, ಕೋಲೂರಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದ. ಹೊಸ ಧೋತರ, ಇಸ್ತ್ರಿ ಮಾಡಿದ ಅಂಗಿ, ಎದೆಗೆ ಚುಚ್ಚಿದ ರಿಬ್ಬನ್ನಿನ ಹೂವು. ಅವನು ಎಂಜಿನ್ ಡ್ರೈವರ್ ಆಗಿದ್ದವನು. ಇಸ್ಮಾಯಿಲಸಾಬ ಅವನ ಕೈಕೆಳಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ವರ್ಷಗಟ್ಟಲೆ ದುಡಿದಿದ್ದ. ಆ ದಿನ ಪ್ಲಾಟ್‌ಫಾರ್ಮಿನ ಮೇಲೆ ದ್ಯಾಮಪ್ಪನಿಗೆ ಶಾಲು ಹೊದಿಸುವುದಿತ್ತು. ಸಾವಿನ ಖಬರು ಮುಟ್ಟಿದ್ದೇ ಕುರ್ಚಿಯಿಂದ ಎದ್ದು ಬಂದಿದ್ದ.

ಅವನು ಗುಲ್ನಾಜಳ ಮುಖ ನೋಡಿದ, ಇಸ್ಮಾಯಿಲಸಾಬನ ಕೈಯಲ್ಲಿದ್ದ ಬೂಟು ನೋಡಿದ.

“ಏನಲೇ, ಎಲ್ಲಿಗೆ ಹೊಂಟಿ? ಗಾಡಿ ಲೇಟ್ ಐತಿ. ಕುಂಡ್ರು.”

“ಲೇಟ್ ಐತೇನ್ರಿ ಉಸ್ತಾದ್ರ?”

“ಭಾಳ ಲೇಟ್ ಐತಿ.”

ಇಸ್ಮಾಯಿಲಸಾಬ ಬೂಟನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಕೊಂಡ. ಗುಲ್ನಾಜ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅಳತೊಡಗಿದಳು.

*

ಹಾಜಿರಾಬಿ ಮುಳಗುಂದದವಳು. ಮದುವೆಯಾಗಿ ಬಂದಾಗ ಅವಳಿಗೆ ರೈಲೆಂದರೆ ಹೆದರಿಕೆ. ಗಂಡ ಹಗಲೋ ರಾತ್ರಿಯೋ ಕರೆ ಬಂದಾಗ ಎದ್ದು ಹೋಗುವವನು, ಹೋದರೆ ಯಾವಾಗ ಬರುತ್ತಾನೆಂಬ ಲೆಕ್ಕವಿಲ್ಲ. ಬಂದಾಗ ಹಲ್ಲು ಕಣ್ಣು ಬಿಟ್ಟು ಎಲ್ಲ ಕಪ್ಪು. ಅವಳು ಅವನ ಬಟ್ಟೆಯನ್ನು ಬೇರೆಯೇ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಎಷ್ಟು ಒಗೆದರೂ ಹಾಸಿಗೆಯ ತುಂಬ ಕಲ್ಲಿದ್ದಲಿನ ವಾಸನೆ.

ಅವನು ಬರುವ ತನಕ ನಿದ್ದೆ ಬಾರದೆ, ಓಣಿಯ ನೇಕಾರರ ಮನೆಗಳಿಂದ ನೂಲು ತಂದು ಮಗ್ಗಕ್ಕೆ ಕಂಡಿಕೆ ಸುತ್ತುತ್ತ ಕೂರುತ್ತಿದ್ದಳು. ಹಾಗೆ ಕೂತು ಕೂತು ಅದೇ ಅವಳ ಕೆಲಸವಾಯಿತು. ಬೆಟಗೇರಿಯ ಎಷ್ಟೋ ಸೀರೆಗಳ ನೂಲು ಅವಳ ಬೆರಳ ನಡುವೆ ಹಾದುಹೋಗಿತ್ತು. ಅಂಥ ಸೀರೆಯೊಂದನ್ನು ಅವಳು ಉಟ್ಟಿದ್ದು ಮಗಳ ಮದುವೆಯಲ್ಲಿ ಮಾತ್ರ. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಒಲೆ ಹೊತ್ತಿಸಿ ಮೊದಲು ಅನ್ನ ಕಳಿಸುವವಳು ಅವಳೇ.

ಉಗಿ ಎಂಜಿನ್ ಹೋಗಿ ಡೀಸೆಲ್ ಬಂತು. ಇಸ್ಮಾಯಿಲಸಾಬ ಅದರಲ್ಲೂ ಒಂದಷ್ಟು ವರ್ಷ ದುಡಿದು ನಿವೃತ್ತನಾದ. ಮರೆವು ಹತ್ತಿದ್ದು ಅದಾದ ಎಷ್ಟೋ ಕಾಲಕ್ಕೆ. ಮೊದಲು ಮರೆತದ್ದು ಡೀಸೆಲ್ಲನ್ನು. ಆಮೇಲೆ ಮೊಮ್ಮಕ್ಕಳನ್ನು. ಬೆಳಗಾದರೆ ತಲೆಗೆ ವಸ್ತ್ರ ಸುತ್ತಿಕೊಂಡು ಡ್ಯೂಟಿಗೆ ಹೊರಟು ನಿಲ್ಲುವನು.

“ದ್ಯಾಮಪ್ಪಗ ಜ್ವರ ಬಂದಾವಂತ್ರಿ. ಡ್ರೈವರ್ ಇಲ್ದ ಏನ್ ಮಾಡ್ತೀರಿ, ಚಾ ಕುಡೀರಿ,” ಅನ್ನುವಳು ಹಾಜಿರಾಬಿ. ಇನ್ನೊಂದು ದಿನ, “ಹಳಿ ಮ್ಯಾಲ ಎಮ್ಮಿ ಮಲಗೇತಂತ. ಏಳಾಕ ಒಲ್ಲೆ ಅಂತೈತಂತ.” ಅದಕ್ಕೆ ಅವನು ನಗುವನು. ಯಾವ ನೆಪವೂ ನಡೆಯದ ದಿನ ಅವಳೇ ಬುರ್ಖಾ ಹಾಕಿಕೊಂಡು, ಅವನ ಕೈ ಹಿಡಿದು ಸ್ಟೇಷನ್ನಿಗೆ ನಡೆಯುವಳು. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುವರು. ಒಂದೆರಡು ಗಾಡಿ ಬಂದು ಹೋದ ಮೇಲೆ, “ಡ್ಯೂಟಿ ಮುಗೀತು, ನಡೀರಿ ಮನಿಗೆ,” ಎಂದು ಎಬ್ಬಿಸುವಳು. ಅವನು ದಣಿದವನಂತೆ ಅವಳ ಹಿಂದೆ ನಡೆದು ಬರುವನು.

ಉತ್ಸವದ ಕರೆಯನ್ನು ತಂದವನು ದ್ಯಾಮಪ್ಪ. ತನಗೂ ಇಸ್ಮಾಯಿಲಸಾಬನಿಗೂ ಸನ್ಮಾನ ಎಂದು ಹೇಳಿದಾಗ ಹಾಜಿರಾಬಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕೇಳಿದಳು.

“ಇವ್ರನ್ನ ಎಂಜಿನ್ ಮ್ಯಾಲ ಹತ್ತಿಸ್ತಾರೇನಣ್ಣ?”

“ಇಲ್ಲವಾ. ಕುರ್ಚಿ ಮ್ಯಾಲ ಕುಂಡ್ರಿಸಿ ಶಾಲು ಹಾಕ್ತಾರ, ಅಷ್ಟ.”

“ಹಂಗಾರ ಬ್ಯಾಡ. ಕಣ್ಣೆದುರು ಎಂಜಿನ್ ನಿಂತಿದ್ದು, ಹತ್ತಾಕ ಬಿಡದಿದ್ರ ಇವ್ರನ್ನ ಯಾರು ತಡೀತಾರ? ನಾ ಹೇಳೂ ಸುಳ್ಳ ಎಲ್ಲಾ ಅಲ್ಲೇ ಖಾಲಿ ಆಗ್ತಾವು.”

*

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಎದುರು ಮನೆಯ ನೀಲಗಂಗವ್ವ ಬಂದವಳೇ ಇಜಾಜನ ಹತ್ತಿರ ನಿಂತಳು. ಇಜಾಜ ಹಾಜಿರಾಬಿಯ ಮಗ. ಅದೇ ಮನೆಯಲ್ಲಿದ್ದುಕೊಂಡು ಬ್ಯಾಟರಿ ಅಂಗಡಿ ನಡೆಸುತ್ತಿದ್ದ.

“ನಿನ್ನೆ ಸಂಜಿಗೆ ನನ್ನ ಜೋಡಿ ಮಾತಾಡಿದ್ದಳಲ್ಲೋ ತಮ್ಮಾ. ಏನಾತು ಹಂಗ?”

“ನಮಗೂ ಗೊತ್ತಾಗಲಿಲ್ಲವಾ.” ಇಜಾಜ ಕಟ್ಟೆಯ ಕಡೆ ನೋಡಲಿಲ್ಲ. “ಬೆಳಿಗ್ಗೆ ನಮಾಜ್ ಮಾಡಿ ಅಲ್ಲೇ ಒರಗ್ಯಾಳ. ಅಬ್ಬಾ ಬಾಜೂಕ ಇದ್ರು. ನಿದ್ದಿ ಹತ್ತೇತಿ ಅಂತ ತಿಳಕೊಂಡು ಚಾದರ ಹೊದಿಸ್ಯಾರ. ಬಾಗಲಾ ಹಾಕ್ಯಾರ. ನಾ ಅಂಗಡಿಗೆ ಹೋಗೂ ಮುಂದ ಅಮ್ಮನ್ನ ಮಾತಾಡ್ಸಾಕ ಹೋದ್ರ, ಬಾಗಲಕ್ಕ ಅಡ್ಡ ಕುಂತಿದ್ರು. ಬಾಯಿ ಮ್ಯಾಲ ಬೆರಳ ಇಟ್ಟು, ‘ಮಲಗ್ಯಾಳ, ಎಬ್ಬಿಸಬ್ಯಾಡ’ ಅಂದ್ರು. ನಾ ಹಂಗ ಹೋಗಿಬಿಟ್ಟೆ. ತಿರುಗಿ ಬಂದು ಎಬ್ಬಿಸಿದ್ರ ಮೈ ತಣ್ಣಗಾಗಿತ್ತು.”

ನೀಲಗಂಗವ್ವ ಸೆರಗು ಬಾಯಿಗೆ ಹಿಡಿದಳು.

“ಒಂದ ಸಲ ಕೂಗಿದ್ರ ಸಾಕಿತ್ತು,” ಇಜಾಜನ ದನಿ ಏರಿತು. “ಜೀವ ಇತ್ತೋ ಏನೋ ಆಗ. ದವಾಖಾನಿ ಎಷ್ಟ ದೂರ ಐತಿ ಇಲ್ಲಿಂದ?”

“ಇಜಾಜ,” ಎಂದ ದ್ಯಾಮಪ್ಪ.

ಇಸ್ಮಾಯಿಲಸಾಬ ಮಗನ ಸಿಟ್ಟನ್ನು ಬೇರೆ ಯಾರದೋ ಜಗಳವೆಂಬಂತೆ ಆಲಿಸುತ್ತಿದ್ದ. ಹಾಜಿರಾಬಿ ತೀರಿಕೊಂಡಳೆಂದು ಬೆಳಿಗ್ಗೆಯಿಂದ ಅವನಿಗೆ ಅವರು ಹೇಳದೆ ಇರಲಿಲ್ಲ. ಗುಲ್ನಾಜ ಬಂದೊಡನೆ ಹೇಳಿದಳು, ಅವನು ನೆಲಕ್ಕೆ ಕುಸಿದು ಮಗುವಿನಂತೆ ಅತ್ತ. ಸ್ವಲ್ಪ ಹೊತ್ತಿಗೆ, ನಿಮ್ಮಮ್ಮ ಎಲ್ಲಿ ಎಂದು ಕೇಳಿದ. ಮತ್ತೆ ಹೇಳಿದರು, ಮತ್ತೆ ಹಾಗೆಯೇ ಅತ್ತ. ಮೂರನೆಯ ಸಲ ಕೇಳಿದಾಗ ಗುಲ್ನಾಜ ನೀರು ತರುವ ನೆಪದಲ್ಲಿ ಎದ್ದು ಹೋದಳು.

ಕಫನ್ನಿನ ಬಿಳಿ ಬಟ್ಟೆ ಸುತ್ತಿದ ಮೇಲೆ, ಮುಖ ಮುಚ್ಚುವ ಮುನ್ನ, ಅವಳು ತಂದೆಯ ಕೈ ಹಿಡಿದು ಒಳಗೆ ಕರೆತಂದಳು. ಹೆಂಗಸರು ದಾರಿ ಬಿಟ್ಟರು. ಇಸ್ಮಾಯಿಲಸಾಬ ಬಾಗಿ ನೋಡಿದ. ಬಹಳ ಹೊತ್ತು ನೋಡಿದ.

“ಯಾರಿವರು?”

ಗುಲ್ನಾಜ ತುಟಿ ಕಚ್ಚಿಕೊಂಡಳು. “ಅಮ್ಮಾ.”

“ನಿಮ್ಮಮ್ಮನಾ?” ಅವನು ಅವಳ ತಲೆಯ ಮೇಲೆ ಕೈಯಿಟ್ಟ. “ಅಳಬ್ಯಾಡವಾ. ತಾಯಿ ಹೋದ್ರ ಯಾರಿಗಾದ್ರೂ ಸಂಕಟನ. ನಮ್ಮಾಕಿಗೆ ಹೇಳತೇನಿ ತಡಿ, ಎರಡ ದಿನ ನಿಮ್ಮ ಮನಿಗೆ ಅನ್ನ ಸಾರು ಮಾಡಿ ಕಳಸ್ತಾಳ. ಇಂಥಾದಕ್ಕ ಆಕಿ ಯಾವತ್ತೂ ಮುಂದ.”

“ಹೂಂ ಅಬ್ಬಾ,” ಎಂದಳು ಗುಲ್ನಾಜ. “ಹೇಳ್ರಿ ಆಕೀಗೆ.”

*

ಕಬರಸ್ತಾನ ಹಳಿಯ ಆಚೆಗಿತ್ತು. ಹಾಜಿರಾಬಿಯ ಜನಾಜಾವನ್ನು ಹೆಗಲ ಮೇಲೆ ಹೊತ್ತವರು ರೈಲ್ವೆ ಗೇಟಿನ ಹತ್ತಿರ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಎರಡೂ ಕಡೆ ಜನ ಕಿಕ್ಕಿರಿದಿದ್ದರು. ಹುಲಕೋಟಿಯಿಂದ ಉಗಿ ಗಾಡಿ ಮರಳುವುದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಮೊಬೈಲು ಎತ್ತಿ ಹಿಡಿದು ನಿಂತಿದ್ದರು.

“ಸ್ವಲ್ಪ ತಗೀರಿ ಅಣ್ಣಾರ, ಮೈಯತ್ ಐತಿ,” ಎಂದು ಇಜಾಜ ಗೇಟಿನವನಿಗೆ ಕೈಮುಗಿದ.

“ಸಿಗ್ನಲ್ ಬಿದ್ದೇತ್ರಿ. ನನ್ನ ಕೈಯಾಗ ಏನೂ ಇಲ್ಲ,” ಎಂದ ಅವನು, ಮುಖ ಬೇರೆಡೆ ತಿರುಗಿಸಿ.

ಬಿಸಿಲಲ್ಲಿ ನಿಂತರು. ಹೆಗಲು ಬದಲಾಯಿಸಿದರು. ದ್ಯಾಮಪ್ಪ ಇಸ್ಮಾಯಿಲಸಾಬನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ. ಎಂಜಿನ್ ಕಂಡರೆ ಅವನು ಗೇಟಿನ ಕೆಳಗೆ ನುಗ್ಗಿಬಿಡುತ್ತಾನೆಂದು ಎಲ್ಲರಿಗೂ ಭಯ. ಇಜಾಜ ಒಂದು ಕೈಯಿಂದ ಜನಾಜಾ ಹಿಡಿದಿದ್ದ, ಇನ್ನೊಂದು ಕೈಯನ್ನು ತಂದೆಯ ಕಡೆ ಚಾಚಿದ್ದ.

ಗಾಡಿ ಬಂತು. ಹೊಗೆ ಮೊದಲು ಬಂತು, ಆಮೇಲೆ ಜನರ ಕೇಕೆ. ಹೊಳೆಯುವ ಹಿತ್ತಾಳೆ, ಹೂಮಾಲೆ, ಎರಡೂ ಬದಿಗೆ ಕಟ್ಟಿದ ಬಾಳೆಗಿಡ. ಡಬ್ಬಿಯ ಕಿಟಕಿಗಳಿಂದ ಜನ ಕೈ ಬೀಸಿದರು. ಹೆಗಲ ಮೇಲಿನ ಜನಾಜಾ ಕಂಡವರ ಕೈಗಳು ಮಾತ್ರ ಅರ್ಧಕ್ಕೇ ನಿಂತವು. ಕಲ್ಲಿದ್ದಲಿನ ಮಸಿ ಗಾಳಿಯಲ್ಲಿ ತೇಲಿ ಬಂದು, ಹಾಜಿರಾಬಿಯ ಮೇಲೆ ಹೊದಿಸಿದ ಹಸಿರು ಚಾದರದ ಮೇಲೆ ಬಿತ್ತು. ಇಜಾಜ ಅದನ್ನು ಒರೆಸಲು ಹೋದ. ಒರೆಸಿದಷ್ಟೂ ಕಪ್ಪು ಹರಡಿತು.

ಇಸ್ಮಾಯಿಲಸಾಬ ಅಲುಗಲಿಲ್ಲ. ಲಾರಿಯೊಂದು ಹಾದುಹೋಗುವುದನ್ನು ನೋಡುವ ಹಾಗೆ ನೋಡಿ, ದ್ಯಾಮಪ್ಪನ ಕಡೆ ತಿರುಗಿದ.

“ಇದು ನಮ್ಮ ಗಾಡಿ ಅಲ್ಲ ಬಿಡ್ರಿ ಉಸ್ತಾದ್ರ. ನಮ್ಮದು ಇನ್ನೂ ಬಂದಿಲ್ಲ.”

“ಹೌದಪಾ,” ಎಂದ ದ್ಯಾಮಪ್ಪ. ಎದೆಯ ಮೇಲಿನ ರಿಬ್ಬನ್ ಹೂವನ್ನು ಆಗಷ್ಟೇ ಗಮನಿಸಿದವನಂತೆ ಕಿತ್ತು ಜೇಬಿಗೆ ತುರುಕಿಕೊಂಡ. “ನಮ್ಮದು ಬಂದಿಲ್ಲ.”

*

ನಮಾಜು ಮುಗಿಯಿತು. ಹಾಜಿರಾಬಿಯನ್ನು ಕೆಳಗಿಳಿಸಿ, ಮೇಲೆ ಕಲ್ಲುಚಪ್ಪಡಿ ಜೋಡಿಸಿದರು. ಅಗೆದು ಹಾಕಿದ ಎರೆಮಣ್ಣು ಪಕ್ಕದಲ್ಲಿ ಕರ್ರಗೆ ಗುಡ್ಡೆ ಬಿದ್ದಿತ್ತು. ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಕೊಟ್ಟು ಹಿಂದೆ ಸರಿದರು. ಇಜಾಜ ಕೊಟ್ಟ. ಆಮೇಲೆ ಬೆಳಿಗ್ಗೆಯಿಂದ ಮೊದಲ ಬಾರಿಗೆ ತಂದೆಯ ಕೈ ಹಿಡಿದು ಕಬರಿನ ಅಂಚಿಗೆ ಕರೆತಂದ.

“ಅಬ್ಬಾ, ಮಣ್ಣ ಕೊಡ್ರಿ.”

ಇಸ್ಮಾಯಿಲಸಾಬ ಕೆಳಗೆ ನೋಡಿದ. ಕರಿಯ ಗುಡ್ಡೆಯನ್ನು ನೋಡಿದ, ಅದರಲ್ಲಿ ನೆಟ್ಟು ನಿಂತಿದ್ದ ಸಲಿಕೆಯನ್ನು ನೋಡಿದ. ಬಾಗಿ ಹಿಡಿ ಮಣ್ಣು ಎತ್ತಲಿಲ್ಲ; ಸಲಿಕೆಯನ್ನು ಕಿತ್ತುಕೊಂಡ.

ಕಾಲುಗಳನ್ನು ಅಗಲಿಸಿ ನಿಂತ. ಮಂಡಿ ಸ್ವಲ್ಪ ಮಡಿಸಿದ. ಮೊದಲ ಸಲಿಕೆ ಆಚೆ ತುದಿಯ ಎಡಮೂಲೆಗೆ ಬಿತ್ತು. ಎರಡನೆಯದು ಬಲಮೂಲೆಗೆ. ಆಮೇಲೆ ಎರಡೂ ಬದಿಗೆ, ಕೊನೆಗೆ ನಡುವೆ. ಪ್ರತಿ ಸಲವೂ ಮಣಿಕಟ್ಟು ಒಂದಿಷ್ಟು ತಿರುವಿದಾಗ ಮಣ್ಣು ತೆಳ್ಳಗೆ, ಸಮನಾಗಿ ಹರಡಿ ಬೀಳುತ್ತಿತ್ತು. ಚಹಾದ ಬಟ್ಟಲು ಹಿಡಿದರೆ ತುಳುಕಿಸುತ್ತಿದ್ದ ಕೈಗಳು ನಡುಗಲಿಲ್ಲ.

“ಅಬ್ಬಾ, ಸಾಕ್ರಿ.” ಇಜಾಜ ಸಲಿಕೆಗಾಗಿ ಕೈ ನೀಡಿದ.

ಇಸ್ಮಾಯಿಲಸಾಬ ಅತ್ತ ನೋಡಲಿಲ್ಲ. ಹಣೆಯ ಬೆವರು ಕಣ್ಣಿಗೆ ಇಳಿದಿತ್ತು. ಬಿಳಿ ಗಡ್ಡದಲ್ಲಿ ಕರಿಮಣ್ಣು ಸಿಕ್ಕಿಕೊಂಡಿತ್ತು.

“ಎಷ್ಟ ದೂರ ಹೋಗೂದೈತಿ ಉಸ್ತಾದ್ರ?” ಬಗ್ಗಿದಲ್ಲಿಂದಲೇ ಕೇಳಿದ. “ಹೇಳ್ರಿ, ಅಷ್ಟ ಇದ್ದಲಿ ಹಾಕತೇನಿ.”

ದ್ಯಾಮಪ್ಪ ಕೋಲಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದ.

ಇಸ್ಮಾಯಿಲಸಾಬ ಮತ್ತೊಂದು ಸಲಿಕೆ ಎತ್ತಿದ. ಕೈ ನೀಡಿ ಹಾಗೆಯೇ ನಿಂತಿದ್ದ ಇಜಾಜ, ತಂದೆಯ ಮೊಣಕೈ ತನಗೆ ತಾಕುತ್ತಿರುವುದನ್ನು ಕಂಡು, ಒಂದು ಹೆಜ್ಜೆ ಹಿಂದಕ್ಕೆ ಸರಿದು ಜಾಗ ಬಿಟ್ಟ.