ಪೊಲೀಸರಿಗೆ ತೋರಿಸಲು ಕೊಂಡ ಹೆಲ್ಮೆಟ್

ತೆರಕಣಾಂಬಿಯ ಬಸ್ ನಿಲ್ದಾಣದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಬೈಕುಗಳು ಬರುತ್ತವೆ, ಹೋಗುತ್ತವೆ. ಹೆಲ್ಮೆಟ್ ಇಲ್ಲ ಎಂದೇನಿಲ್ಲ, ಇದೆ. ಒಬ್ಬರದು ಕನ್ನಡಿಗೆ ನೇತಾಡುತ್ತದೆ, ಇನ್ನೊಬ್ಬರದು ಮೊಣಕೈಯಲ್ಲಿ, ಮತ್ತೊಬ್ಬರದು ಪೆಟ್ರೋಲ್ ಟ್ಯಾಂಕಿನ ಮೇಲೆ. ಎದುರಿನಿಂದ ಬಂದವನು ಮುಂದೆ ಪೊಲೀಸರಿದ್ದಾರೆ ಎಂದು ಕೈಸನ್ನೆ ಮಾಡಿದರೆ ಅದು ತಲೆಗೇರುತ್ತದೆ. ಅವರನ್ನು ದಾಟಿದ ಮೇಲೆ ಮತ್ತೆ ಇಳಿಯುತ್ತದೆ. ತಲೆ ಯಾರದು ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ಇದೇ ಊರಿನ ನೀಲಕಂಠಸ್ವಾಮಿಯವರೂ ಕೇಳಿಕೊಂಡಿರಲಿಲ್ಲ. ಅವರು ಬಸ್ ಚಾಲಕರಾಗಿದ್ದು ನಿವೃತ್ತರಾದವರು. ಮೈಸೂರು, ಊಟಿ, ಕಲ್ಲಿಕೋಟೆ ಎಂದು ಜೀವಮಾನವೆಲ್ಲ ಓಡಿಸಿದರು. ಒಂದು ಸಣ್ಣ ಅಪಘಾತವನ್ನೂ ಮಾಡಲಿಲ್ಲ. ಆ ಹೆಮ್ಮೆ ಅವರಿಗಿತ್ತು, ಇರಬೇಕಾದದ್ದೇ.

ನಿವೃತ್ತರಾದ ಮೇಲೆ ಅವರಿಗೆ ಒಂದು ಆಸೆ ಹುಟ್ಟಿತು. ತಮ್ಮ ಬೈಕಿನಲ್ಲಿ ಒಬ್ಬರೇ ಬಸವಕಲ್ಯಾಣದವರೆಗೆ ಹೋಗಿಬರಬೇಕು. ರಾಜ್ಯದ ಈ ತುದಿಯಿಂದ ಆ ತುದಿಗೆ. ಬಸ್ಸಿನಲ್ಲಿ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನೆಲ್ಲ ಕಂಡಕ್ಟರ್ ಸೀಟಿ ಹೇಳುತ್ತಿತ್ತು. ಈ ಒಂದು ಸಲ ತಮಗೆ ಬೇಕಾದಲ್ಲಿ ನಿಲ್ಲಬೇಕು, ಸಾಕೆನಿಸಿದಾಗ ಹೊರಡಬೇಕು. ಊರಿನವರು ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನಕ್ಕರು. ಹೆಂಡತಿ ಗಂಗಾಂಬಿಕೆ ನಗಲಿಲ್ಲ. ಹೋಗಿಬನ್ನಿ ಎಂದು ದಾರಿಗೆ ಚಕ್ಕುಲಿ ಮಾಡಲು ಕುಳಿತರು.

ಸಂಕ್ರಾಂತಿ ಕಳೆದ ಮೇಲೆ ತಯಾರಿ ಶುರುವಾಯಿತು. ಬೈಕಿನ ಆಯಿಲ್ ಬದಲಾಯಿತು, ಹಿಂದಿನ ಟೈರ್ ಹೊಸದಾಯಿತು, ಚೈನು ಬಿಗಿಯಾಯಿತು. ಬೈಕಿಗೆ ಮಾಡಬೇಕಾದದ್ದೆಲ್ಲ ಮಾಡಿದರು. ತಮಗೆ ಮಾತ್ರ ಏನೂ ಮಾಡಿಕೊಳ್ಳಲಿಲ್ಲ. ಗಂಗಾಂಬಿಕೆ ಬಿಪಿ ಮಾತ್ರೆ ಇಟ್ಟುಕೊಳ್ಳಿ ಎಂದರೆ ನಾಲ್ಕು ದಿನ ಬಿಟ್ಟರೆ ಏನಾಗುತ್ತದೆ ಎಂದರು. ಯಾವ ಊರಿನಲ್ಲಿ ಉಳಿಯುತ್ತೀರಿ ಎಂದರೆ ಕತ್ತಲಾದಲ್ಲಿ ಉಳಿಯುತ್ತೇನೆ ಎಂದರು. ಹೆಲ್ಮೆಟ್ ಒಂದನ್ನು ಚಾಮರಾಜನಗರದಲ್ಲಿ ರಸ್ತೆ ಬದಿಗೆ ಟಾರ್ಪಾಲು ಹಾಸಿ ಮಾರುವವನಿಂದ ತಂದಿದ್ದರು. ಟೋಪಿಯಂಥದ್ದು, ಕಿವಿಯನ್ನೂ ಮುಚ್ಚದ್ದು. ಅದರ ಪಟ್ಟಿಯ ಬಕಲ್ಲು ಆಗಲೇ ಸಡಿಲವಾಗಿತ್ತು.

ಎದುರು ಮನೆಯ ನಾಸಿರಾ ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಪಘಾತವಾಗಿ ಬಂದವರನ್ನು ಮೊದಲು ನೋಡುವ ಕಡೆ ಅವರಿಗೆ ಕೆಲಸ. ಗಂಗಾಂಬಿಕೆಗೆ ತಂಗಿಯಂತೆ. ಸಂಜೆ ಕಾಫಿಗೆ ಬಂದವರು ಆ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿ, ಇದನ್ನು ಹಾಕಿಕೊಂಡು ಅಷ್ಟು ದೂರ ಹೋಗಬೇಡಿ ಎಂದರು.

ನೀಲಕಂಠಸ್ವಾಮಿಯವರಿಗೆ ಅದು ಹಿಡಿಸಲಿಲ್ಲ. "ನಾನು ಬಸ್ ಓಡ್ಸಿದೋನು ಕಣವ್ವ. ಊಟಿ ಘಾಟಿ ಹತ್ಸಿ ಇಳ್ಸಿದೋನು. ನಂಗ ರೋಡ್ ಹೇಳ್ಕೊಡ್ತೀಯಾ?"

"ಬಸ್ಸಲ್ಲಿ ನಿಮ್ ಸುತ್ತ ತಗಡಿತ್ತು, ಗಾಜಿತ್ತು ಅಣ್ಣ," ಎಂದರು ನಾಸಿರಾ. "ಬೈಕಲ್ಲಿ ಸುತ್ತ ಏನದ? ನೀವು ಚೆನ್ನಾಗೇ ಓಡ್ಸ್ತೀರಿ. ಎದುರಿಗೆ ಬರೋನು ಹೆಂಗ್ ಓಡ್ಸ್ತಾನೋ ಯಾರಿಗ್ ಗೊತ್ತು?"

ಆಯುಸ್ಸು ಗಟ್ಟಿ ಇದ್ದರೆ ಏನೂ ಆಗುವುದಿಲ್ಲ ಎಂದರು ನೀಲಕಂಠಸ್ವಾಮಿ. ಅಲ್ಲದೆ ಇದು ತಲೆಗೆ ತಂದದ್ದಲ್ಲ, ಪೊಲೀಸರು ಹಿಡಿಯದಿರಲಿ ಎಂದು ತಂದದ್ದು ಎಂದೂ ಹೇಳಿಬಿಟ್ಟರು.

ಗಂಗಾಂಬಿಕೆ ಕಾಫಿ ಲೋಟ ಕೆಳಗಿಟ್ಟರು. ಹೆಲ್ಮೆಟ್ಟನ್ನು ತೆಗೆದುಕೊಂಡು ಹಿತ್ತಲಿಗೆ ನಡೆದರು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು, ತಲೆಯ ಮೇಲೆತ್ತಿ ಬಿಟ್ಟರು. ಅದು ಎರಡು ಹೋಳಾಯಿತು. ಒಳಗೆ ಬೆರಳಗಲದ ಸ್ಪಂಜು, ಮೇಲೆ ಬಣ್ಣ ಬಳಿದ ಪ್ಲಾಸ್ಟಿಕ್. ಬೇರೆ ಏನೂ ಇರಲಿಲ್ಲ.

"ಎಸೀಲಿಲ್ಲ, ಬರೀ ಕೈ ಬುಟ್ಟೆ ಅಷ್ಟೆ," ಎಂದರು. "ಇದುನ್ನ ನಂಬ್ಕಂಡು ನಾನು ಇಲ್ಲಿ ಕೂತಿರ್ಬೇಕಾ? ನೀವು ಬಸ್ಸಲ್ಲಿರೋವಾಗ ಎಲ್ಲಿದ್ದೀರಿ ಅಂತ ಡಿಪೋದೋರಿಗ್ ಗೊತ್ತಿರ್ತಿತ್ತು. ನಂಗ ಒಂದಿನಾನೂ ಗೊತ್ತಿರ್ಲಿಲ್ಲ. ಈಗ್ಲೂ ಅಂಗೇ ಓಯ್ತೀನಿ ಅಂತೀರಲ್ಲ."

ಹೆಂಡತಿ ಈ ರೀತಿ ಮಾತಾಡಿದ್ದನ್ನು ನೀಲಕಂಠಸ್ವಾಮಿ ಕಂಡಿರಲಿಲ್ಲ. ಮೊದಲು ಸಿಟ್ಟಾದರು, ಹಾಳು ಮಾಡಿದೆಯಲ್ಲ ಎಂದು ಗೊಣಗಿದರು. ಆಮೇಲೆ ಆ ಸಿಟ್ಟು ಮಾರಿದವನ ಮೇಲೆ ತಿರುಗಿತು. ಮರುದಿನ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ಚಾಮರಾಜನಗರದ ಬಸ್ಸು ಹತ್ತಿದರು.

ಟಾರ್ಪಾಲಿನ ಮೇಲೆ ಅಂಥವೇ ಹೆಲ್ಮೆಟ್ಟುಗಳು ಸಾಲಾಗಿ ಹೊಳೆಯುತ್ತಿದ್ದವು. ಗಂಗಾಂಬಿಕೆ ಹೋಳುಗಳನ್ನು ಅವುಗಳ ನಡುವೆ ಸುರಿದು, ಜನರ ಜೀವದ ಮೇಲೆ ವ್ಯಾಪಾರ ಮಾಡುತ್ತೀಯಾ ಎಂದು ಗದರಿದರು. ವ್ಯಾಪಾರಿ ಜಗಳಕ್ಕೆ ಬರಲಿಲ್ಲ. ಮೊದಲು ಗಟ್ಟಿ ಮಾಲನ್ನೂ ಇಟ್ಟಿದ್ದನಂತೆ. ಧೂಳು ಕುಡಿಯಿತೇ ಹೊರತು ಯಾರೂ ಮುಟ್ಟಲಿಲ್ಲವಂತೆ. "ಬಂದೋರೆಲ್ಲ ಕೇಳೋದು ಒಂದೇ ಅಮ್ಮ, ಪೊಲೀಸ್ನೋರಿಗ್ ತೋರ್ಸಕ್ಕೆ ಒಂದು ಕೊಡು ಅಂತ. ಯಜಮಾನ್ರೂ ಅದ್ನೇ ಕೇಳಿದ್ರು."

ಅವನು ಮಾಡುತ್ತಿದ್ದದ್ದು ಸರಿಯಲ್ಲ, ನಿಜ. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನೀಲಕಂಠಸ್ವಾಮಿ ಹೆಂಡತಿಯ ಮುಖ ನೋಡಲಾರದೆ ರಸ್ತೆಯ ಕಡೆ ತಿರುಗಿ ನಿಂತರು. ಆಮೇಲೆ ತಾವಾಗಿಯೇ ಒಂದು ಅಂಗಡಿಗೆ ಹೋಗಿ, ಮುಖವೆಲ್ಲ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್ ಕೇಳಿದರು. ತಲೆ ಅಲ್ಲಾಡಿಸಿದರೂ ಜರುಗದಷ್ಟು ಬಿಗಿಯಾದುದನ್ನು ಆರಿಸಿದರು. ದವಡೆಯ ಕೆಳಗೆ ಪಟ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನೋಡಿದರು.

ಉಳಿದ ತಯಾರಿಯನ್ನು ನಾಸಿರಾ ಹೇಳಿದರು, ಈ ಸಲ ನೀಲಕಂಠಸ್ವಾಮಿ ಕೇಳಿಸಿಕೊಂಡರು. ಬೆಳಕಿರುವಾಗ ಮಾತ್ರ ಓಡಿಸುವುದು. ಎಲ್ಲೆಲ್ಲಿ ಉಳಿಯುತ್ತೇವೆ ಎಂಬುದನ್ನು ಮನೆಯಲ್ಲಿ ಮೊದಲೇ ತಿಳಿಸುವುದು, ತಂಗಿದ ಪ್ರತಿ ಊರಿನಿಂದಲೂ ಫೋನ್ ಮಾಡುವುದು. ಹೆಸರು, ರಕ್ತದ ಗುಂಪು, ನುಂಗುವ ಮಾತ್ರೆ, ಮನೆಯ ನಂಬರು ಬರೆದ ಚೀಟಿ ಅಂಗಿಯ ಜೇಬಿನಲ್ಲಿರಬೇಕು. ಆಸ್ಪತ್ರೆಗೆ ಬಂದ ಎಷ್ಟೋ ಜನರ ಫೋನಿಗೆ ಲಾಕ್ ಇರುತ್ತದೆ, ಯಾರಿಗೆ ತಿಳಿಸಬೇಕೆಂದೇ ಗೊತ್ತಾಗದೆ ನಾವು ಒದ್ದಾಡುತ್ತೇವೆ ಎಂದು ಅವರು ಸಿಟ್ಟಿನಿಂದಲೇ ಹೇಳಿದರು. ಕೊನೆಯದಾಗಿ, ಹೊರಡುವ ಮುಂಚೆ ಸಾಮಾನೆಲ್ಲ ಕಟ್ಟಿಕೊಂಡು ಒಂದು ದಿನ ಹತ್ತಿರದಲ್ಲೇ ಸುತ್ತಿಬನ್ನಿ, ಭಾರ ಹೊತ್ತ ಬೈಕು ಬೇರೆ ಥರ ನಡೆಯುತ್ತದೆ ಎಂದರು.

ಹಾಗೆ ಸುತ್ತಲು ಹೊರಟ ದಿನವೇ ಅದು ನಡೆದದ್ದು. ಚಾಮರಾಜನಗರಕ್ಕೆ ಹೋಗಿ ಹರವೆ ಕಡೆಯಿಂದ ವಾಪಸು ಬರುತ್ತಿದ್ದರು. ಒಂದು ತಿರುವು ದಾಟಿದರೆ ರಸ್ತೆಯ ತುಂಬ ಹುರುಳಿ ಗಿಡ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ಒಕ್ಕಣೆಗೆ ಹರಡಿದ್ದರು. ಬ್ರೇಕ್ ಒತ್ತಿದ್ದೇ ತಡ, ಭಾರದ ಬೈಕು ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ಅವರು ಮಗ್ಗುಲಾಗಿ ಬಿದ್ದು, ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಿ ನಿಂತರು.

ಎದ್ದು ಕುಳಿತಾಗ ಎಡ ಮಣಿಕಟ್ಟು ಊದಿತ್ತು. ಹೆಲ್ಮೆಟ್ ತೆಗೆದು ನೋಡಿದರು. ದವಡೆಯ ಕಡೆ ಬಣ್ಣ ಕಿತ್ತು, ಒಳಗಿನ ಬಿಳಿ ಕಾಣುವಷ್ಟು ಆಳಕ್ಕೆ ತರಚಿತ್ತು. ಆ ಹಳೆಯ ಟೋಪಿಯಂಥದ್ದಾಗಿದ್ದರೆ ತರಚುತ್ತಿದ್ದದ್ದು ತಮ್ಮ ಕೆನ್ನೆ ಎಂದು ಗೊತ್ತಾಗಿ ಅಲ್ಲಿ ಬೆರಳಾಡಿಸಿದರು.

ಹುರುಳಿಯ ಒಡತಿ ದೊಡ್ಡಮಲ್ಲಮ್ಮ ಎಂಬ ಮುದುಕಿ ನೀರಿನ ಚೊಂಬು ಹಿಡಿದು ಓಡಿ ಬಂದರು. ನೀಲಕಂಠಸ್ವಾಮಿ ನೀರು ಮುಟ್ಟದೆ ಬಾಯಿಗೆ ಬಂದಂತೆ ಕೂಗಾಡಿದರು. ರಸ್ತೆ ನಿಮ್ಮ ಸ್ವಂತದ್ದಾ, ಜನ ಸತ್ತರೆ ನೀವು ಬರುತ್ತೀರಾ ಎಂದರು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡರು.

"ತಪ್ಪೇ ಕಣಪ್ಪ," ಎಂದರು. "ನಿಮ್ಮೂರಲ್ಲಿ ಎಲ್ಲಿ ಹಾಕ್ತೀರಿ?"

ನೀಲಕಂಠಸ್ವಾಮಿ ನೀರಿನ ಚೊಂಬಿಗೆ ಕೈ ಚಾಚಿದರು. ತೆರಕಣಾಂಬಿಯ ರಸ್ತೆಯಲ್ಲಿ ಅದೇ ಹೊತ್ತಿಗೆ ಅವರದೇ ಹೊಲದ ಹುರುಳಿಯೂ ಬಿದ್ದಿತ್ತು.

ಮನೆಗೆ ಬಂದ ಮೇಲೆ ನಾಸಿರಾ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಾಗ ಗಂಗಾಂಬಿಕೆ ಹರವೆಯವರನ್ನು ವಿಚಾರಿಸಿಕೊಂಡೇ ಬರುತ್ತೇನೆ ಎಂದು ಸೆರಗು ಸಿಕ್ಕಿಸಿ ಎದ್ದರು. ಮುದುಕಿ ಕೇಳಿದ ಪ್ರಶ್ನೆಯನ್ನು ಗಂಡ ಹೇಳಿದರು. ಗಂಗಾಂಬಿಕೆ ಹಾಗೇ ಕುಳಿತುಬಿಟ್ಟರು. ಆ ಹುರುಳಿಯನ್ನು ರಸ್ತೆಗೆ ಹಾಕಿಸಿದ್ದು ಅವರೇ. ಪ್ರತಿ ವರ್ಷವೂ ಅವರೇ.

ಆಮೇಲೆ ಪೊರಕೆ ತೆಗೆದುಕೊಂಡು ರಸ್ತೆಗೆ ಹೋದರು. ಪಕ್ಕದಲ್ಲೇ ಹುರುಳಿ ಹಾಕಿದ್ದ ಚಿಕ್ಕಮಾದಮ್ಮ ಕೂಡ ಗಂಗಾಂಬಿಕೆಯ ಸ್ತ್ರೀಶಕ್ತಿ ಸಂಘದವರೇ. "ಊರೋರೆಲ್ಲ ಹಾಕವ್ರೆ. ನೀನೊಬ್ಳು ತೆಗುದ್ರೆ ಏನಾಯ್ತದಕ್ಕ?" ಎಂದು ಕೇಳಿದರು.

"ನಾನು ತೆಗುದಷ್ಟು ರೋಡು ಕಾಣ್ತದ," ಎಂದರು ಗಂಗಾಂಬಿಕೆ, ತಲೆ ಎತ್ತದೆ.

ಚಿಕ್ಕಮಾದಮ್ಮನೂ ಸೆರಗು ಕಟ್ಟಿದರು. ಹುರುಳಿ ಹೊಲಕ್ಕೆ ಹೋಯಿತು, ಅಲ್ಲಿ ನೆಲ ಸಾರಿಸಿ, ಟ್ರ್ಯಾಕ್ಟರ್ ಹತ್ತಿಸಿ ಒಕ್ಕಿದರು. ಕೆಲಸ ಹೆಚ್ಚಾಯಿತು, ನಡು ನೋಯಿತು.

ಮಣಿಕಟ್ಟು ವಾಸಿಯಾದ ಮೇಲೆ ನೀಲಕಂಠಸ್ವಾಮಿ ಹೊರಟರು. ತಲೆಯ ಮೇಲೆ ಇನ್ನೊಂದು ಹೊಸ ಹೆಲ್ಮೆಟ್. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದು ಎರಡನೇ ಪೆಟ್ಟನ್ನು ತಡೆಯುವುದಿಲ್ಲ ಎಂದು ನಾಸಿರಾ ಹೇಳಿದಾಗ ಅವರು ವಾದಿಸಲಿಲ್ಲ. ಚಿತ್ರದುರ್ಗದಿಂದ ಫೋನ್ ಬಂತು, ಹೊಸಪೇಟೆಯಿಂದ ಬಂತು, ಕಲಬುರಗಿಯಿಂದ ಬಂತು. ಬಸವಕಲ್ಯಾಣದಿಂದ ಫೋನ್ ಬಂದಾಗ ಅವರು ಬಹಳ ಹೊತ್ತು ಮಾತಾಡಿದರು. ಗಂಗಾಂಬಿಕೆ ಅಂಗಳದಲ್ಲೇ ನಿಂತು ಕೇಳಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ. ನಿಮ್ಮ ಮನೆಯ ಹೆಲ್ಮೆಟ್ಟನ್ನು ಈಗಲೇ ಕೈಗೆತ್ತಿಕೊಂಡು ನೋಡಿ. ಐಎಸ್‌ಐ ಗುರುತಿದೆಯೇ, ಪಟ್ಟಿ ಗಟ್ಟಿಯಿದೆಯೇ, ಅದು ತಲೆಗೆ ತಂದದ್ದೋ ಪೊಲೀಸರಿಗೆ ತಂದದ್ದೋ? ದೂರಕ್ಕೆ ಒಬ್ಬರೇ ಹೊರಟರೆ ದಾರಿಯನ್ನು ಮನೆಯವರಿಗೆ ಹೇಳಿ, ಚೀಟಿಯನ್ನು ಜೇಬಿನಲ್ಲಿಡಿ, ಕತ್ತಲಾಗುವ ಮುಂಚೆ ನಿಲ್ಲಿ. ನಿಮ್ಮ ಬೆಳೆಯನ್ನು ಇನ್ನೊಬ್ಬರ ಮಗ ಬರುವ ರಸ್ತೆಗೆ ಹಾಕಬೇಡಿ. ಯಾರಾದರೂ ಬಿದ್ದಿದ್ದರೆ ಫೋಟೋ ತೆಗೆಯುತ್ತ ನಿಲ್ಲದೆ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನಮಗೆ ಗೊತ್ತಿಲ್ಲವೇ ಎಂದು ನಿಮಗೆ ಸಿಟ್ಟು ಬರಬಹುದು. ಬರಲಿ. ಆ ಸಿಟ್ಟಿನಲ್ಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ.