ಒಂದು ಪಾಯಿಂಟ್ ಅರವತ್ತೆರಡರೊಳಗೆ ನಾಲ್ಕು ಎಕರೆ

ಮೃಗಶಿರ ಮಳೆ ಬಿದ್ದು ಎರಡು ದಿನವಾಗಿತ್ತು. ಗುಡೇಕೋಟೆಯ ಹೊಲಗಳೆಲ್ಲ ಹದವಾಗಿದ್ದವು, ಎಲ್ಲರೂ ಶೇಂಗಾ ಬಿತ್ತುತ್ತಿದ್ದರು. ಹುಲುಗಣ್ಣನ ಕೂರಿಗೆ ಮಾತ್ರ ಗೋಡೆಗೆ ಒರಗಿ ನಿಂತಿತ್ತು.

ಅವನಿಗಿರುವುದು ಒಂದೇ ಎತ್ತು. ತಮ್ಮ ಗಾದಿಲಿಂಗನಿಗೂ ಒಂದೇ. ಪಾಲಾದಾಗಿನಿಂದ ಇಬ್ಬರೂ ಎತ್ತು ಜೋಡಿಸಿಕೊಂಡೇ ಬಿತ್ತುತ್ತಿದ್ದರು. ಈ ಸಲ ಹುಲುಗಣ್ಣ ಎತ್ತು ಬಿಚ್ಚಲಿಲ್ಲ.

ಕಾರಣ ಪಂಚಾಯಿತಿ ಗೋಡೆಯ ಮೇಲಿತ್ತು. ಜಲಾನಯನ ಯೋಜನೆಯಲ್ಲಿ ಯಾರ್ಯಾರ ಹೊಲಕ್ಕೆ ಒಡ್ಡು ಹಾಕುತ್ತಾರೆಂಬ ಪಟ್ಟಿ ಅದು. ಹುಲುಗಣ್ಣನ ಹೆಸರಿನ ಮುಂದೆ 1.62 ಎಂದಿತ್ತು.

"ಒಂದೆಕರೆ ಅರವತ್ತೆರಡು ಸೆಂಟ್ಸ್! ಅಪ್ಪ ಕೊಟ್ಟಿದ್ದು ನಾಲ್ಕೆಕರೆ. ಉಳಿದದ್ದು ಎಲ್ಲಿ ಹೋತು? ನಮ್ಮಿಬ್ಬರ ಹೊಲದ ನಡುವಿನ ಬಾಂದಗಲ್ಲು ಕಿತ್ತು ಸರಿಸ್ಯಾನ ಗಾದಿಲಿಂಗ!"

"ಎರಡೆಕರೆ ಮ್ಯಾಲೆ ನುಂಗಾಕ ಅವನೇನು ರಾಕ್ಷಸನೇನ್ರಿ?" ಎಂದಳು ಹೆಂಡತಿ ಜಂಬಮ್ಮ. "ಹದ ಆರಾಕ ಹತ್ತೈತಿ. ನಾಳಿ ಬಿತ್ತಲಿಲ್ಲ ಅಂದ್ರ ಬೀಜ ಮನ್ಯಾಗ ಕೂಡ್ತಾವು."

ಗಂಡ ಕೂರಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಆಕೆ ನೆಟ್ಟಗೆ ಹೋಗಿ, ಜಲಾನಯನದ ಕೆಲಸ ನೋಡಿಕೊಳ್ಳುವ ಗೀತಮ್ಮನನ್ನು ಕರೆತಂದಳು.

"ಅಣ್ಣಾ, ಪಟ್ಟಿ ಮ್ಯಾಲೆ 'ಹೆ.' ಅಂತ ಬರದೈತಲ್ಲ, ನೋಡಿದ್ರೇನು?" ಎಂದು ಗೀತಮ್ಮ ಕೇಳಿದಳು.

"ಯಾವುದೋ ಸಾಹೇಬರ ಸಹಿ ಅಂದ್ಕಂಡೆ."

"ಅದು ಹೆಕ್ಟೇರ್ರಿ! ನಡೀರಿ ಹೊಲಕ್ಕ."

ಬಾಂದಗಲ್ಲು ಅಪ್ಪ ಹೂತಲ್ಲೇ ಇತ್ತು. ಸಿಟ್ಟಿನಲ್ಲಿ ಹುಲುಗಣ್ಣ ಹೊಲದ ಕಡೆ ತಲೆಯನ್ನೇ ಹಾಕಿರಲಿಲ್ಲ. ಗೀತಮ್ಮ ಟೇಪು ಹಿಡಿದು ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ ಅಳೆದು ನಾಲ್ಕು ಮೂಲೆಗೂ ಗೂಟ ಬಡಿಸಿದಳು. ಜಂಬಮ್ಮ ದೂರದ ಮೂಲೆಗೆ ಹೋಗಿ ನಿಂತಾಗ ಬೆರಳಷ್ಟೇ ಕಂಡಳು.

"ಇದು ಒಂದು ಹೆಕ್ಟೇರ್. ಅಂದ್ರ ಎರಡೆಕರೆ ನಲವತ್ತೇಳು ಸೆಂಟ್ಸ್."

"ಅಬ್ಬಬ್ಬಾ! ಆ ಒಂದರಾಗ ಇಷ್ಟು ನೆಲ ಐತಾ?" ಹುಲುಗಣ್ಣ ಗೂಟದಿಂದ ಗೂಟಕ್ಕೆ ಕಣ್ಣಾಡಿಸಿದ. ಹುಟ್ಟಿದಾಗಿನಿಂದ ತುಳಿದ ಹೊಲವನ್ನು ಇವತ್ತೇ ಮೊದಲು ನೋಡಿದವನಂತೆ ನಿಂತುಬಿಟ್ಟ.

ಗೀತಮ್ಮ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದಳು. "ನೂರು ಸೆಂಟ್ಸಿಗೆ ಒಂದೆಕರೆ. ಒಂದು ಹೆಕ್ಟೇರಿಗೆ ಇನ್ನೂರಾ ನಲವತ್ತೇಳು ಸೆಂಟ್ಸ್. ಉಳಿದ ಪಾಯಿಂಟ್ ಅರವತ್ತೆರಡಕ್ಕ ನೂರಾ ಐವತ್ತಮೂರು. ಕೂಡಿಸ್ರಿ."

ಜಂಬಮ್ಮನೇ ಕೂಡಿಸಿದಳು. "ನಾನ್ನೂರು! ನಮ್ಮವ್ವಾ, ಮಾವ ಕೊಟ್ಟ ನಾಲ್ಕೆಕರೆ ಸರಿಯಾಗಿ ಬಂತಲ್ರಿ!"

"ಪಟ್ಟಿಯಾಗ ಗಾದಿಲಿಂಗಂದೂ ಒಂದು ಪಾಯಿಂಟ್ ಅರವತ್ತೆರಡೇ ಐತಿ. ನಿಮ್ಮ ಕೆಳಗಿನ ಸಾಲು. ಅದನ್ನ ಓದಲಿಲ್ಲೇನು?"

ಹುಲುಗಣ್ಣನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಎತ್ತು ಬಿಚ್ಚಿಕೊಂಡು ತಮ್ಮನ ಬಾಗಿಲಿಗೆ ಬಂದ.

"ಲೇ ಗಾದಿಲಿಂಗ, ತಪ್ಪು ನಂದು. ಮೊದಲು ನಿನ್ನ ಹೊಲ ಬಿತ್ತೋಣು ಬಾ."

ಗಾದಿಲಿಂಗ ಅಣ್ಣನ ಕೈಯಿಂದ ಹಗ್ಗ ತೆಗೆದುಕೊಂಡ. "ಬ್ಯಾಡ ಬಿಡಣ್ಣ. ನಿಂದು ಉಸುಕು ನೆಲ, ಜಲ್ದಿ ಆರತೈತಿ. ಅದನ್ನ ಮೊದಲು ಬಿತ್ತೋಣು."

ಓದುವ ಅಣ್ಣಂದಿರೇ, ಅಕ್ಕಂದಿರೇ, ಕಾಗದದಲ್ಲಿ ಅಂಕಿಗಿಂತ ಮೊದಲು ಅಳತೆಯ ಹೆಸರು ನೋಡಿ. ಹೆಕ್ಟೇರ್ ಎಂದಿದ್ದರೆ 2.47ರಿಂದ ಗುಣಿಸಿ, ಎಕರೆ ಸಿಗುತ್ತದೆ. ನಿಮ್ಮಲ್ಲಿ ಗುಂಟೆ ಲೆಕ್ಕವಿದ್ದರೆ ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಹೆಕ್ಟೇರಿಗೆ ಸುಮಾರು ತೊಂಬತ್ತೊಂಬತ್ತು ಗುಂಟೆ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ನಾಚಿಕೆ ಬೇಡ. ಲೆಕ್ಕ ತಪ್ಪಿದರೂ ಹೊಲ ಇದ್ದಲ್ಲೇ ಇರುತ್ತದೆ, ಒಡಹುಟ್ಟಿದವರು ಮಾತ್ರ ದೂರ ಹೋಗಿರುತ್ತಾರೆ.