ಕನ್ನಡಿ ಬಾಗಿಲಿನ ಬೀರು

ಮಂಚದ ರೆಕ್ಸಿನ್ ತಣ್ಣಗಿದೆ, ಕೆನ್ನೆಗೆ ಅಂಟುತ್ತಿದೆ, ಬೋರಲು ಮಲಗಿದವನಿಗೆ ಕಾಣುವುದು ಫಿಸಿಯೋ ಮೇಡಮ್ಮಿನ ಬಿಳಿ ಬೂಟು, ಬಾಗಿಲಾಚೆ ಬೆಂಚಿನ ಕೆಳಗೆ ಅತ್ತಿಗೆಯ ಸವೆದ ಚಪ್ಪಲಿ, ಅಷ್ಟೇ — ಮೇಡಮ್ಮಿನ ಹೆಬ್ಬೆರಳು ಬೆನ್ನುಮೂಳೆಯ ಒಂದೊಂದೇ ಗಂಟನ್ನು ಒತ್ತುತ್ತ ಇಳಿಯುತ್ತದೆ, ಇಲ್ಲಿ ನೋವಾ, ಇನ್ನೂ ಕೆಳಗಾ, ಅಯ್ಯೋ ಅಲ್ಲೇ ಮೇಡಂ, ಆಶ್ಚರ್ಯ ಕಣ್ರೀ, ಸ್ಕ್ಯಾನಲ್ಲಿ ಏನೂ ಇಲ್ವಲ್ಲ, ಇರುವುದಾದರೂ ಹೇಗೆ, ಸುಳ್ಳು ಯಾವ ಸ್ಕ್ಯಾನಿನಲ್ಲಿ ಕಂಡೀತು, ಆದರೆ ನೋವು ಸುಳ್ಳಲ್ಲ, ಎಂಟು ತಿಂಗಳಿಂದ ಪ್ರಾಣ ಹಿಂಡುತ್ತಿದೆ, ಅಣ್ಣ ಸತ್ತ ಮರುವಾರ ಹಾಸಿಗೆಯಿಂದ ಏಳಲು ಹೋದರೆ ಏಳಲಾಗಲಿಲ್ಲ, ಅದಕ್ಕೂ ಮೊದಲು ಇವನ ಸೊಂಟ ಕಲ್ಲುಗುಂಡು, ಅಣ್ಣ ತಮ್ಮ ಇಬ್ಬರೂ ಕಂಡವರ ಮನೆ ಸಾಮಾನು ಸಾಗಿಸುವವರು, ಮೂರನೇ ಮಹಡಿಯಿಂದ ಬೀರು ಇಳಿಸಿದರೂ ಏದುಸಿರು ಬರುತ್ತಿರಲಿಲ್ಲ.

ತಿರುಗಿ ಮಲಗಿ, ಕಾಲು ಮಡಚಿ, ಸೊಂಟ ಎತ್ತಿ, ಹಾಗೇ ಹಿಡ್ಕೊಳ್ಳಿ, ಒಂದು, ಎರಡು, ಬಿಡಬೇಡಿ, ಬಿಡಬೇಡಿ ಅಂದ್ನಲ್ಲ — ಬಿಡ್ಬೇಡ್ವೋ ಪುಟ್ಟ, ಅಂದದ್ದು ಅಣ್ಣ, ಮೆಟ್ಟಿಲ ತಿರುವಿನಲ್ಲಿ, ಬೀರುವಿನ ಆಚೆ ಬದಿ, ಕೆಳಗಿನ ಮೆಟ್ಟಿಲಿನಿಂದ, ಅವನ ಮುಖ ಕಾಣುತ್ತಿರಲಿಲ್ಲ, ಬೀರುವಿನ ಕನ್ನಡಿ ಬಾಗಿಲು ಇವನ ಕಡೆಗಿತ್ತು, ದನಿ ಮಾತ್ರ, ಅದೂ ನಗುವ ದನಿ, ಆಗ ಇವನ ಜೇಬಿನಲ್ಲಿ ಫೋನು ಗುಂಯ್ ಎಂದಿತು, ಬೀರುವಿನಿಂದ ತೆಗೆದದ್ದು ಒಂದು ಕೈ, ಒಂದೇ ಒಂದು ಕೈ, ಆ ಕರೆಯೂ ಯಾರದೋ ತಪ್ಪು ನಂಬರು. ಹೇಗಾಯ್ತೋ, ಹೇಗಾಯ್ತೋ ಎಂದು ಅತ್ತಿಗೆ ಅಂಗಿ ಹಿಡಿದು ಅಲುಗಿಸಿದಾಗ ಬಾಯಿಗೆ ಬಂದದ್ದು, ಸೊಂಟ ಹಿಡ್ಕೊಂಡ್ಬಿಡ್ತು ಅತ್ತಿಗೆ. ನಂಬಿದಳಲ್ಲ ಪುಣ್ಯಾತ್ಗಿತ್ತಿ, ನಂಬಿ ಸುಮ್ಮನಿರಬಾರದೇ, ವಾರಕ್ಕೆರಡು ಸಲ ಕೈಹಿಡಿದು ಇಲ್ಲಿಗೆ ಕರೆತರುತ್ತಾಳೆ, ನಿಂಗೂ ಏನಾದ್ರೂ ಆದ್ರೆ ನಂಗ್ಯಾರೋ ಎನ್ನುತ್ತಾಳೆ, ಆ ಮಾತಿಗಿಂತ ಚಪ್ಪಲಿಯಲ್ಲಿ ಹೊಡೆದಿದ್ದರೆ ವಾಸಿ, ಇವತ್ತು ಹೇಳಿಬಿಡಬೇಕು, ಹೋದ ವಾರವೂ ಇವತ್ತೇ ಎಂದುಕೊಂಡಿದ್ದ.

ಏಳಿ, ನಿಧಾನಕ್ಕೆ, ಗೋಡೆ ಕನ್ನಡಿ ಮುಂದೆ ನಿಂತ್ಕೊಳ್ಳಿ, ಭುಜ ಹಿಂದಕ್ಕೆ, ಅಕ್ಕಾ ನೀವೂ ಒಳಗೆ ಬನ್ನಿ, ನೋಡಿ ನಿಮ್ಮ ಮೈದುನನ್ನ — ಚಪ್ಪಲಿಯ ಸದ್ದು ಹತ್ತಿರ ಬರುತ್ತದೆ, ಅಯ್ಯೋ ಎಷ್ಟು ನೆಟ್ಟಗೆ ನಿಂತಿದೀಯೋ, ಅತ್ತಿಗೆಯ ಕಣ್ಣು ತುಂಬಿದೆ, ಅತ್ತಿಗೆ, ಅವತ್ತು, ಅವತ್ತು ಮೆಟ್ಟಿಲ ಮೇಲೆ, ಹೇಳೋ ಏನದು, ಗೋಡೆಯ ಕನ್ನಡಿ ಅಲುಗುತ್ತಿದೆ, ಇಲ್ಲ, ಇಳಿಯುತ್ತಿದೆ, ಒಂದೊಂದೇ ಮೆಟ್ಟಿಲು ದಡ್ ದಡ್ ಎಂದು ಅವನಿಂದ ದೂರ, ಕೆಳಗೆ, ಅಣ್ಣನ ಕಡೆಗೆ, ಅದರೊಳಗೆ ಅವನೇ ನಿಂತಿದ್ದಾನೆ, ಬೆನ್ನು ನೆಟ್ಟಗೆ, ಕೈಯಲ್ಲಿ ಫೋನು.